ಎಂಬತ್ತನ್ನು ನೂರರಿಂದ ಭಾಗಿಸಿದ ದಿನ

"ನಿಮ್ಮ ಮಿಷಿನ್ನು ನನ್ನ ದಡ್ಡ್ಯಾಗ ಒಂದು ಕುರಿನೂ ಇಲ್ಲಂತ ಹೇಳ್ತದಂತಲ್ರಿ ಸರ. ಬರ್ರಿ, ಬಂದು ಕಣ್ಣಿಲೆ ನೋಡ್ರಿ. ಇವೇನು ನಾಯಿ ಅದಾವೇನು?"

ಹೀಗೆ ಕೇಳಿದವಳು ಮಸರಕಲ್ ಊರಿನ ಹೊರಗೆ ದಡ್ಡಿ ಎಂದು ಕರೆಯುವ ಬೇಲಿಯ ದೊಡ್ಡಿಗಳಲ್ಲಿ ಕುರಿ ಕಟ್ಟಿಕೊಂಡಿರುವ ನಾಲ್ಕು ಮನೆತನಗಳಲ್ಲಿ ಹಿರಿಯಳು. ವಯಸ್ಸು ಐವತ್ತೈದರ ಆಚೀಚೆ. ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಮೊಬೈಲು. ಅವಳ ಎದುರು ನಾನು ನಿಂತಿದ್ದೆ, ನನ್ನ ಪಕ್ಕದಲ್ಲಿ ದೇವದುರ್ಗ ತಾಲ್ಲೂಕಿನಲ್ಲಿ ಪಶುವೈದ್ಯನಾಗಿರುವ ನನ್ನ ಹಳೆಯ ಗೆಳೆಯ. ದೀಪಾವಳಿ ಮುಗಿದು ಕೆಲವು ದಿನಗಳಾಗಿದ್ದವು. ಮಧ್ಯಾಹ್ನದ ಬಿಸಿಲು ಇನ್ನೂ ಚುರುಕಾಗಿತ್ತು.

ಮಿಷಿನ್ನು ಎಂದು ಅವಳು ಕರೆದದ್ದು ನಾನು ಬರೆದುಕೊಟ್ಟ ಒಂದು ಸಣ್ಣ ಪ್ರೋಗ್ರಾಮನ್ನು. ನಾನು ರಾಯಚೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹಿರೇಬೇನೆ ಎಂದು ಕರೆಯುವ ಕುರಿ-ಆಡುಗಳ ರೋಗಕ್ಕೆ ಗೆಳೆಯ ಪ್ರತಿವರ್ಷ ಲಸಿಕೆ ಹಾಕುತ್ತಾನೆ. ಒಂದು ಸೀಸೆಯಲ್ಲಿ ನೂರು ಕುರಿಗಾಗುವಷ್ಟು ಲಸಿಕೆ. ಯಾವ ಹಿಂಡಿಗೆ ಎಷ್ಟು ಸೀಸೆ ಬೇಕು ಎಂಬ ಪಟ್ಟಿ ಮಾಡಿ ರಾಯಚೂರಿನ ಉಗ್ರಾಣಕ್ಕೆ ಕಳಿಸಬೇಕು. "ಮಾಸ್ತರ, ಈ ಪಟ್ಟಿ ಬರದು ಬರದು ಕೈ ನೋಯ್ತಾವ. ಏನರ ಮಾಡಿಕೊಡು ಮಾರಾಯ" ಎಂದಿದ್ದ. ಕುರಿಗಳ ಸಂಖ್ಯೆಯನ್ನು ನೂರರಿಂದ ಭಾಗಿಸಿ, ಬಂದದ್ದನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸಬೇಕು. ಒಂದೇ ಸಾಲಿನ ಕೆಲಸ. ಮಾಡಿಕೊಟ್ಟೆ.

ಆ ವರ್ಷದ ಪಟ್ಟಿಯಲ್ಲಿ ಈ ನಾಲ್ಕು ಹಿಂಡುಗಳ ಎದುರು ನಾಲ್ಕು ಸೊನ್ನೆಗಳಿದ್ದವು. ನೂರಾರು ಸಾಲುಗಳ ಪಟ್ಟಿ. ಗೆಳೆಯ ನೋಡದೆ ಸಹಿ ಮಾಡಿದ್ದ. ಉಗ್ರಾಣದಿಂದ ಸೀಸೆಗಳು ಬಂದು ಎಲ್ಲ ಊರುಗಳಿಗೂ ಹಂಚಿ ಮುಗಿದ ಮೇಲೆ ಈ ಹೆಂಗಸು ಆಸ್ಪತ್ರೆಗೆ ಹೋಗಿ ತನ್ನ ಪಾಲಿನದು ಎಲ್ಲಿ ಎಂದು ಕೇಳಿದ್ದಳು. ಅಲ್ಲಿದ್ದವರು ಪಟ್ಟಿ ನೋಡಿ, ನಿನ್ನ ಹೆಸರಿನ ಮುಂದೆ ಸೊನ್ನೆ ಅದ ಎಂದಿದ್ದರು.

"ನಾನು ಮೇಲಕ್ಕೇ ಏರಿಸಿದ್ದೆ" ಎಂದು ಗೆಳೆಯನಿಗೆ ಹೇಳಿದೆ. "ಖಂಡಿತ ಏರಿಸಿದ್ದೆ. ನಿನ್ನ ಮುಂದೆನೇ ತೋರ್ಸೀನಿ. ಎರಡುನೂರ ಐವತ್ತು ಹಾಕಿದ್ವಿ, ಮೂರು ಬಂತು. ನೆನಪದನೋ ಇಲ್ಲೋ?"

"ನಿನ್ನ ನೆನಪಿನ ಮ್ಯಾಲ ನನಗ ಭರೋಸ ಇಲ್ಲೋ" ಎಂದ.

ನನಗೂ ಇರಲಿಲ್ಲ. ನಾನು ಬೆಳೆದದ್ದು ಮಾನ್ವಿಯಲ್ಲಿ. ನಮ್ಮ ಮನೆಯ ಬಾವಿಗೆ ಮೂಡಣ ದಿಕ್ಕಿನಲ್ಲಿ ಮೆಟ್ಟಿಲುಗಳಿದ್ದವು, ಅವುಗಳ ಮೇಲೆ ಕುಳಿತು ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ ಎಂದು ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಒಮ್ಮೆ ಸೋದರಮಾವನ ಮನೆಯಲ್ಲಿ ಹಳೆಯ ಫೋಟೊ ಸಿಕ್ಕಿತು. ಬಾವಿಗೆ ಮೆಟ್ಟಿಲೇ ಇರಲಿಲ್ಲ. ಕಟ್ಟೆ, ರಾಟೆ, ಹಗ್ಗ. ಹಾಗಾದರೆ ನಾನು ಎಲ್ಲಿ ಕುಳಿತಿದ್ದೆ? ಅಂದಿನಿಂದ ನನಗೆ ಯಾವುದು ಬಹಳ ಸ್ಪಷ್ಟವಾಗಿ ನೆನಪಿದೆಯೋ ಅದರ ಮೇಲೆಯೇ ಹೆಚ್ಚು ಅನುಮಾನ.

"ಯಪ್ಪಾ, ನೀವು ಆಮ್ಯಾಲ ಜಗಳಾಡ್ರಿ" ಎಂದಳು ಆ ಹೆಂಗಸು. "ನಾಡಿದ್ದು ಹೊಂಟೀವಿ ನಾವು. ಮಾನ್ವಿ ಕಡಿ ನೆಲ್ಲು ಕೊಯ್ದಾರ. ಗೊಬ್ಬರಕ್ಕ ಗದ್ದ್ಯಾಗ ಕುರಿ ನಿಂದ್ರಸ್ರಿ ಅಂತ ಗೌಡ್ರು ಹೇಳಿಕಳ್ಸ್ಯಾರ. ಆದ್ರ ಸೂಜಿ ಹಾಕ್ಸಿದ್ದರಷ್ಟ ಒಳಗ ಬಿಡ್ತಾರಂತ. ಹೋದ ವರ್ಷ ಅಲ್ಲಿ ಯಾರದೋ ಹಿಂಡಿಗೆ ಬ್ಯಾನಿ ಬಂದು ಗೌಡ್ರ ಮನಿ ಆಡೆಲ್ಲ ಸತ್ತು ಹೋದ್ವಂತ. ಸೂಜಿ ಇಲ್ಲಂದ್ರ ನಾವು ಎಲ್ಲಿಗೆ ಹೋಗೂಣು? ಇಲ್ಲಿ ಮೇಯಾಕ ಏನದ, ಕಲ್ಲು?"

ಒಂದು ದಿನ ತಡವಾದರೂ ಆಗುವುದಿಲ್ಲವೇ ಎಂದು ಕೇಳಿದೆ. ಗದ್ದೆ ಖಾಲಿ ಇರುವುದೇ ಎರಡು ಬೆಳೆಗಳ ನಡುವೆ, ಬೇರೆ ಹಿಂಡುಗಳೂ ಅದೇ ಗದ್ದೆಗೆ ಕಾಯುತ್ತಿವೆ ಎಂದಳು. ಬೇರೆ ಊರುಗಳ ಹಿಂಡುಗಳಿಗೂ ನನ್ನ ಪಟ್ಟಿಯಿಂದ ಕಡಿಮೆ ಬಿದ್ದಿತ್ತು. ಅವು ಊರಲ್ಲೇ ಇರುವ ಹಿಂಡುಗಳು, ಉಳಿದ ಕುರಿಗಳಿಗೆ ಮುಂದಿನ ಕಂತಿನಲ್ಲಿ ಹಾಕಬಹುದು ಎಂದು ಗೆಳೆಯ ಹೇಳಿದ. ಈ ನಾಲ್ಕಕ್ಕೆ ಹಾಗೆ ಕಾಯಲು ಸಮಯವಿರಲಿಲ್ಲ.

ಅಲ್ಲೇ ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಟ್ಟಳು. ಲ್ಯಾಪ್‌ಟಾಪು ತೆಗೆದೆ. ಮೊದಲು ನನ್ನ ನೆನಪು ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸದೆ ನಾನು ಅಲ್ಲಿಂದ ಏಳುವವನಲ್ಲ.

ನೆನಪು ಸರಿಯಾಗಿತ್ತು. ಮೇಲಕ್ಕೆ ಏರಿಸುವ ಆಜ್ಞೆ ಆ ಸಾಲಿನಲ್ಲಿ ಇತ್ತು. ನಾನೇ ಬರೆದದ್ದು. ಆದರೂ ಎಂಬತ್ತು ಎಂದು ಕೊಟ್ಟರೆ ಸೊನ್ನೆ ಬರುತ್ತಿತ್ತು.

ಆ ಸಾಲನ್ನು ಒಂದೊಂದು ಅಕ್ಷರವಾಗಿ ಮತ್ತೆ ಓದಿದೆ. ಆಗ ತಪ್ಪು ಕಂಡಿತು. ಇದೇ ಪಾಠವನ್ನು ನಾನು ಹನ್ನೆರಡು ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ.

ಮೊದಲ ಪ್ರೋಗ್ರಾಮು ಬರೆದದ್ದು ಪೈಥಾನ್ ಎಂಬ ಭಾಷೆಯಲ್ಲಿ. ಅಲ್ಲಿ ಎಂಬತ್ತನ್ನು ನೂರರಿಂದ ಭಾಗಿಸಿದರೆ ಸೊನ್ನೆ ದಶಾಂಶ ಎಂಟು ಬರುತ್ತದೆ. ಅದನ್ನು ಮೇಲಕ್ಕೆ ಏರಿಸಿದರೆ ಒಂದು. ಎರಡುನೂರ ಐವತ್ತಕ್ಕೆ ಮೂರು ಬಂದದ್ದು ಅಲ್ಲಿ. ಗೆಳೆಯನಿಗೆ ತೋರಿಸಿದ್ದೂ ಅದನ್ನೇ. ಆಮೇಲೆ ಅವನ ಫೋನಿನಲ್ಲಿ ನಡೆಯಲಿ ಎಂದು ಅದನ್ನೇ ಜಾವಾ ಎಂಬ ಇನ್ನೊಂದು ಭಾಷೆಗೆ ಸಾಲಿಗೆ ಸಾಲು ಇಳಿಸಿದೆ. ಜಾವಾದಲ್ಲಿ ಪೂರ್ಣ ಸಂಖ್ಯೆಯನ್ನು ಪೂರ್ಣ ಸಂಖ್ಯೆಯಿಂದ ಭಾಗಿಸಿದರೆ ಉತ್ತರವೂ ಪೂರ್ಣ ಸಂಖ್ಯೆಯೇ. ದಶಾಂಶ ಇರುವುದಿಲ್ಲ. ಎಂಬತ್ತರಲ್ಲಿ ನೂರು ಎಷ್ಟು ಸಲ ಹೋಗುತ್ತದೆ? ಒಂದು ಸಲವೂ ಇಲ್ಲ. ಆದ್ದರಿಂದ ಸೊನ್ನೆ. ಮೇಲಕ್ಕೆ ಏರಿಸುವ ಆಜ್ಞೆಯ ಕೈಗೆ ಬರುವಷ್ಟರಲ್ಲಿ ಏರಿಸಲು ಏನೂ ಉಳಿದಿರಲಿಲ್ಲ. ಸೊನ್ನೆಯನ್ನು ಎಷ್ಟು ಮೇಲಕ್ಕೆ ಏರಿಸಿದರೂ ಸೊನ್ನೆ.

ಎರಡು ಪ್ರೋಗ್ರಾಮುಗಳು ನನ್ನ ತಲೆಯಲ್ಲಿ ಒಂದಾಗಿ ಕೂತಿದ್ದವು. ಒಂದನ್ನು ಪರೀಕ್ಷಿಸಿದ ನೆನಪಿನ ಬಲದ ಮೇಲೆ ಇನ್ನೊಂದನ್ನು ಕೊಟ್ಟಿದ್ದೆ.

ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಒಮ್ಮೆ ಎದ್ದು ನಿಂತು, "ಸರ್, ಋಣ ಏಳನ್ನು ಎರಡರಿಂದ ಭಾಗಿಸಿ ಪೂರ್ಣ ಸಂಖ್ಯೆ ಕೇಳಿದರೆ ಸಿ ಭಾಷೆ ಋಣ ಮೂರು ಅನ್ನುತ್ತದೆ, ಪೈಥಾನ್ ಋಣ ನಾಲ್ಕು ಅನ್ನುತ್ತದೆ. ಯಾವುದು ಸರಿ?" ಎಂದು ಕೇಳಿದ್ದಳು. ಎರಡೂ ಸರಿ ಎಂದಿದ್ದೆ. ಒಂದು ಭಾಷೆ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಇನ್ನೊಂದು ಯಾವಾಗಲೂ ಕೆಳಕ್ಕೆ ಇಳಿಯುತ್ತದೆ, ಆಯಾ ಭಾಷೆಯ ಒಪ್ಪಂದ ಎಂದು ವಿವರಿಸಿದ್ದೆ. ಅವಳು ತೃಪ್ತಿಯಿಲ್ಲದೆ ಕುಳಿತಳು. ಅಥವಾ ತೃಪ್ತಿಯಿಂದಲೇ ಕುಳಿತಿರಬಹುದು, ಇದನ್ನೂ ನಾನು ಈಗ ಸೇರಿಸಿಕೊಳ್ಳುತ್ತಿರಬಹುದು. ಭಾಗಾಕಾರ ಎಲ್ಲ ಕಡೆ ಒಂದೇ ಎಂದು ನಾವು ಶಾಲೆಯಲ್ಲಿ ಕಲಿತು ಬರುತ್ತೇವೆ. ಅದೇ ಗೆರೆ, ಅದೇ ಎರಡು ಸಂಖ್ಯೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದರೆ ಆ ಗೆರೆ ಬೇರೆ ಕೆಲಸ ಮಾಡುತ್ತದೆ, ಮತ್ತು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

"ಏನಂತದ?" ಎಂದಳು ಆ ಹೆಂಗಸು, ಪರದೆಯ ಮೇಲೆ ಬಗ್ಗಿ.

"ತಪ್ಪು ನಂದೇ ಯವ್ವಾ" ಎಂದೆ. "ಪೂರಾ ನೂರು ಇಲ್ಲಂದ್ರ ಇದು ಏನೂ ಇಲ್ಲ ಅಂತ ತಿಳಕೊಂಡದ."

"ಒಳ್ಳೇ ಮಿಷಿನ್ನು. ನೂರು ರೊಟ್ಟಿ ಇಲ್ಲಂದ್ರ ಉಪಾಸ ಮಲಗ್ತದೇನು ಅದು?"

ಗೆಳೆಯ ನಕ್ಕ. ನಾನು ನಗಲಿಲ್ಲ. ಸಾಲನ್ನು ತಿದ್ದಿದೆ. ಈಗ ನಾಲ್ಕು ಹಿಂಡುಗಳಿಗೆ ನಾಲ್ಕು ಸೀಸೆ ಎಂದು ಬಂತು. ಗೆಳೆಯ ಅಲ್ಲಿಂದಲೇ ರಾಯಚೂರಿನ ಉಗ್ರಾಣ ನೋಡಿಕೊಳ್ಳುವ ಮೇಡಂಗೆ ಫೋನು ಹಚ್ಚಿ, ನನಗೂ ಕೇಳಲೆಂದು ಸ್ಪೀಕರ್ ಒತ್ತಿದ.

"ನಾಲ್ಕು ಇಲ್ಲ ಡಾಕ್ಟ್ರೇ" ಎಂದಿತು ಆ ಕಡೆಯ ದನಿ. "ಮೂರು ಉಳಿದಾವ. ಅವನ್ನೂ ನಾಳೆ ಮಧ್ಯಾಹ್ನ ಬೇರೆ ತಾಲ್ಲೂಕಿನವರು ಒಯ್ತಾರ. ಒಟ್ಟು ಕುರಿ ಎಷ್ಟು?"

ಗೆಳೆಯ ದಾಖಲೆ ಪುಸ್ತಕ ನೋಡಿ ಹೇಳಿದ: ಎಂಬತ್ತು, ಅರವತ್ತು, ತೊಂಬತ್ತು, ನಲವತ್ತು. ಎರಡುನೂರ ಎಪ್ಪತ್ತು.

"ಮತ್ತ ನಾಲ್ಕು ಯಾಕ್ರಿ? ಮೂರರಾಗ ಮುಗೀತದ. ಮುಂಜಾನೆ ಹತ್ತರೊಳಗ ಪತ್ರ ತೊಗೊಂಡು ಬರ್ರಿ, ಕೊಡ್ತೀನಿ. ಬರಾಬರಿ ಲೆಕ್ಕ ಬರೀರಿ ಮಾತ್ರ."

ಎರಡನೆಯ ತಪ್ಪು ಆಗ ನನಗೆ ಕಂಡಿತು. ನಾನು ಪ್ರತಿ ಹಿಂಡನ್ನೂ ಬೇರೆ ಬೇರೆಯಾಗಿ ಭಾಗಿಸಿ ಆಮೇಲೆ ಕೂಡಿಸುತ್ತಿದ್ದೆ. ಕೆಳಕ್ಕಿಳಿಸಿದರೆ ಎಲ್ಲರದೂ ಹೋಗುತ್ತದೆ, ಮೇಲಕ್ಕೇರಿಸಿದರೆ ಎಲ್ಲರಲ್ಲೂ ವ್ಯರ್ಥವಾಗುತ್ತದೆ. ಮೊದಲು ಕೂಡಿಸಿ ಆಮೇಲೆ ಭಾಗಿಸಿದರೆ ಮಾತ್ರ ಮೂರು. ಆದರೆ ಹಾಗೆ ಕಾಗದದ ಮೇಲೆ ಕೂಡಿಸಿದರೆ ಸಾಲದು, ನಿಜವಾಗಿಯೂ ಕುರಿಗಳನ್ನು ಕೂಡಿಸಬೇಕು. ಸೀಸೆಯ ಪುಡಿಗೆ ದ್ರಾವಣ ಬೆರೆಸಿದ ಮೇಲೆ ಅದನ್ನು ಮಂಜುಗಡ್ಡೆಯ ಮೇಲಿಟ್ಟು ಎರಡು ತಾಸಿನೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ನಾಲ್ಕೂ ಹಿಂಡು ಒಂದೇ ಕಡೆ, ಒಂದೇ ಹೊತ್ತಿಗೆ ಬರಬೇಕು.

"ಬರ್ತಾವ" ಎಂದಳು ಅವಳು. "ಕೂಡಂಗಿಲ್ಲ, ಒಂದರ ಹಿಂದ ಒಂದು ನಿಂದ್ರತಾವ. ಅದು ನನಗ ಬಿಡ್ರಿ."

ಎಲ್ಲ ಮುಗಿಯಿತು ಎಂದುಕೊಂಡು ಲ್ಯಾಪ್‌ಟಾಪು ಮುಚ್ಚುತ್ತಿದ್ದೆ. ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಆ ಎಂಬತ್ತು ಅರವತ್ತು ಎಲ್ಲ ಇವರು ಬಾಯಿಲೆ ಹೇಳಿದ್ದು. ಇವರು ಎಂದೂ ಖರೇ ಲೆಕ್ಕ ಹೇಳಂಗಿಲ್ಲ. ಕುರಿ ಎಣಿಸಿದ್ರ ಕಮ್ಮಿ ಆಗ್ತಾವಂತ ನಂಬಿಕಿ. ಇಪ್ಪತ್ತರ ಇಲ್ಲಾ ಹತ್ತರ ಲೆಕ್ಕದಾಗ ಹೇಳ್ತಾರ, ಮ್ಯಾಲಿಂದು ಬಿಡ್ತಾರ."

ನೋಡಿದರೆ ಇವರೂ ಕೆಳಕ್ಕೇ ಇಳಿಸುವವರು. ನಾಲ್ಕಿಪ್ಪತ್ತು ಎಂದರೆ ಎಂಬತ್ತೂ ಇರಬಹುದು, ತೊಂಬತ್ತೊಂಬತ್ತೂ ಇರಬಹುದು. ನಾಲ್ಕು ಹಿಂಡುಗಳಲ್ಲಿ ಹೀಗೆ ಬಿಟ್ಟದ್ದೆಲ್ಲ ಸೇರಿ ಮೂವತ್ತು ಮೀರಿದರೆ ಮುನ್ನೂರು ದಾಟುತ್ತದೆ. ಆಗ ಮೂರು ಸೀಸೆ ಸಾಲುವುದಿಲ್ಲ, ನಾಲ್ಕನೆಯದು ಎಲ್ಲೂ ಇಲ್ಲ. ಯಾರದೋ ಕೆಲವು ಕುರಿ ಉಳಿದರೆ ಆ ಹಿಂಡೇ ಹೊರಡುವಂತಿಲ್ಲ. ಎರಡುನೂರ ಎಪ್ಪತ್ತು ಎಂಬ ಸಂಖ್ಯೆಯನ್ನು ನಂಬಿ ಕೂತರೆ ಮೊದಲ ಸಲ ಮಾಡಿದ್ದನ್ನೇ ಮತ್ತೆ ಮಾಡಿದಂತೆ. ಈ ಸಲ ನೋಡಿ ತಿಳಿಯದೆ ಬಿಡುವುದಿಲ್ಲ ಎಂದುಕೊಂಡೆ.

ಅವಳ ಬಳಿ ಹೋಗಿ ನೇರವಾಗಿ ಕೇಳಿದೆ. "ಯವ್ವಾ, ಖರೇ ಎಷ್ಟು ಅದಾವ?"

"ಹೇಳೀನಲ್ಲ. ನಾಕಿಪ್ಪತ್ತು."

"ಅದರ ಮ್ಯಾಲ?"

"ಅದರ ಮ್ಯಾಲ ಆಕಾಶ ಅದ." ಮುಖ ತಿರುಗಿಸಿದಳು.

ಇಷ್ಟು ಓದಿದ ನಾನು ಅವಳಿಗೆ ನಂಬಿಕೆ-ಮೂಢನಂಬಿಕೆಯ ಬಗ್ಗೆ ಭಾಷಣ ಮಾಡಬಹುದಿತ್ತು. ಆದರೆ ಆ ಮಧ್ಯಾಹ್ನ ಓದಿದವನ ಲೆಕ್ಕದ ಗತಿ ಏನಾಗಿದೆ ಎಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂರೇ ಸೀಸೆ ಇವೆ, ಮುನ್ನೂರಕ್ಕಿಂತ ಒಂದು ಹೆಚ್ಚಿದ್ದರೂ ಅದಕ್ಕೆ ಸೂಜಿ ಇಲ್ಲ, ಅದು ನಾಳೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾದರೆ ಏನಾದರೂ ಮಾಡಬಹುದು ಎಂದೆ.

ಅವಳು ಕೋಲನ್ನು ಬೇವಿನ ಮರಕ್ಕೆ ಒರಗಿಸಿದಳು. ಆಮೇಲೆ ಗುಡಿಸಲಿಗೆ ಹೋಗಿ ಒಂದು ಡಬ್ಬಿ ತಂದಳು. ತುಂಬ ಹುಣಸೆ ಬೀಜ.

"ಸಂಜಿಕೆ ಕುರಿ ದಡ್ಡ್ಯಾಗ ಹೊಕ್ಕಾವ. ಒಂದು ಹೊಕ್ಕರ ಒಂದು ಬೀಜ ಬುಟ್ಟ್ಯಾಗ ಒಗೀತೀನಿ. ನೀನು ಕುರಿ ಕಡಿ ನೋಡಬ್ಯಾಡ. ಆಮ್ಯಾಲ ಬೀಜ ಎಣಿಸಿಕೋ. ಬೀಜಕ್ಕ ಯಾರ ಕಣ್ಣೂ ತಾಗಂಗಿಲ್ಲ."

ಅಷ್ಟು ಹೊತ್ತೂ ನನ್ನನ್ನು ಸರ ಎನ್ನುತ್ತಿದ್ದವಳು ಈಗ ನೀನು ಎಂದದ್ದು ನನಗೆ ಹಿತವಾಯಿತು.

ಹೊತ್ತು ಇಳಿದ ಮೇಲೆ ಒಂದೊಂದೇ ದಡ್ಡಿಯ ಬಾಗಿಲಲ್ಲಿ ನಾಲ್ಕು ಸಲ ಇದು ನಡೆಯಿತು. ಎಳೆಯ ಮರಿಗಳಿಗೆ ಸೂಜಿ ಬೇಡ ಎಂದು ಗೆಳೆಯ ಹೇಳಿದ್ದರಿಂದ ಅವನ್ನು ಮೊದಲೇ ಬೇರೆ ಕೂಡಿಹಾಕಿದ್ದರು. ನಾನು ದಡ್ಡಿಗೆ ಬೆನ್ನು ಹಾಕಿ ಕುಳಿತಿದ್ದೆ. ಹಿಂದೆ ಗೊರಸಿನ ಸದ್ದು, ದೂಳು, ಬುಟ್ಟಿಯಲ್ಲಿ ಬೀಜ ಬೀಳುವ ಟಕ್ ಟಕ್. ತಿರುಗಿ ನೋಡಬೇಕೆಂಬ ಆಸೆಯನ್ನು ತಡೆಯುವುದೇ ಕಷ್ಟವಾಯಿತು. ಆಮೇಲೆ ಬೀಜಗಳನ್ನು ಹತ್ತರ ಸಾಲಿಟ್ಟು ಎಣಿಸಿದೆ. ನಲವತ್ತಾರು. ಅರವತ್ತಾರು. ತೊಂಬತ್ತನಾಲ್ಕು. ಕೊನೆಗೆ ಅವಳದು ತೊಂಬತ್ತೊಂದು. ಒಟ್ಟು ಎರಡುನೂರ ತೊಂಬತ್ತೇಳು.

ಇನ್ನೊಮ್ಮೆ ಎಣಿಸಿದೆ. ಮೂರನೆಯ ಸಲವೂ.

"ಸವೀತಾವೋ ಬೀಜ" ಎಂದಳು.

"ಮೂರು ಉಳೀತಾವ" ಎಂದೆ ಗೆಳೆಯನಿಗೆ.

"ಮೂರು ಅಂದ್ರ ಏನೂ ಉಳಿಲಿಲ್ಲ ಅಂದಂಗ" ಎಂದ ಅವನು. "ಕುರಿ ಝಾಡಿಸಿದ್ರ ಒಂದೊಂದು ಸಲ ಸೂಜಿ ಹೊರಗ ಬರ್ತದ. ನಾನೇನು ದೇವರೇನು?"

"ನಾಳೆ ಒಂದು ದಿನ ಆಗು" ಎಂದೆ.

ಆ ರಾತ್ರಿ ದೇವದುರ್ಗದಲ್ಲಿ ಅವನ ಮನೆಯಲ್ಲೇ ಉಳಿದೆ. ಬೆಳಗಾಗುತ್ತಲೇ ಅವನ ಸಹಿ ಮಾಡಿದ ಪತ್ರ ಹಿಡಿದು ಅವನ ಮೋಟರ್‌ಸೈಕಲ್ಲಿನಲ್ಲಿ ರಾಯಚೂರಿಗೆ ಹೊರಟೆ. ಉಗ್ರಾಣದ ಬಾಗಿಲು ತೆಗೆಯುವುದಕ್ಕಿಂತ ಮೊದಲೇ ಅಲ್ಲಿದ್ದೆ. ಮೇಡಂ ಪತ್ರ ಓದಿ, "ಎರಡುನೂರ ತೊಂಬತ್ತೇಳಾ? ನಿನ್ನೆ ಎಪ್ಪತ್ತು ಅಂದಿದ್ರಿ" ಎಂದರು. ಎಣಿಸಿದೆವು ಎಂದೆ. ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಮೂರು ಸೀಸೆ ಇಟ್ಟುಕೊಟ್ಟರು. ಡಬ್ಬಿಯನ್ನು ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟಿ, ಬಿಸಿಲು ತಾಗದಂತೆ ಮೇಲೆ ಒದ್ದೆ ಟವೆಲ್ಲು ಹೊದಿಸಿದೆ. ಗುಂಡಿ ಬಂದಲ್ಲೆಲ್ಲ ಒಂದು ಕೈ ಹಿಂದಕ್ಕೆ ಹೋಗುತ್ತಿತ್ತು. ದಾರಿಯಲ್ಲಿ ಎಲ್ಲೂ ಚಹಾಕ್ಕೂ ನಿಲ್ಲಲಿಲ್ಲ.

ಮಸರಕಲ್‌ನಲ್ಲಿ ನಾಲ್ಕು ಹಿಂಡುಗಳೂ ಸಾಲಾಗಿ ನಿಂತಿದ್ದವು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಮುಳ್ಳಿನ ಬೇಲಿ ಎಳೆದಿದ್ದರು. ಚಿಕ್ಕ ಹಿಂಡಿನಿಂದ ಆರಂಭ, ತನ್ನದು ಕೊನೆಗೆ ಎಂದು ಅವಳೇ ಗೊತ್ತು ಮಾಡಿದ್ದಳು. ಕೊನೆಯವರಿಗೆ ಕಡಿಮೆ ಬೀಳಬಹುದು ಎಂಬುದು ಅವಳಿಗೆ ಗೊತ್ತಿದ್ದೂ.

ಗೆಳೆಯ ಮೊದಲ ಸೀಸೆ ಬೆರೆಸಿದ. ಅದು ಎರಡನೆಯ ಹಿಂಡಿನ ನಡುವೆ ಮುಗಿಯಿತು. ಎರಡನೆಯದು ಮೂರನೆಯ ಹಿಂಡು ಮುಗಿಯುವ ಮೊದಲೇ ಖಾಲಿ. ನಾನು ಸೂಜಿ ಬಿದ್ದ ಪ್ರತಿ ಕುರಿಯ ಬೆನ್ನಿಗೆ ನೀಲಿ ಬಣ್ಣ ಬಳಿಯುತ್ತಿದ್ದೆ. ಯಾವುದಕ್ಕೂ ಎರಡು ಸಲ ಬೀಳಬಾರದು, ಯಾವುದೂ ತಪ್ಪಬಾರದು. ಮೂರನೆಯ ಸೀಸೆಯಲ್ಲಿ, ಅವಳ ಹಿಂಡಿನ ನಡುವೆ, ಒಂದು ಟಗರು ಕಾಲು ಝಾಡಿಸಿ ಎದ್ದಿತು. ಸೂಜಿ ಕಿತ್ತುಬಂದು ಲಸಿಕೆ ಉಣ್ಣೆಯ ಮೇಲೆ ಹರಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಹಾಗೆಯೇ ಮಾಡಿತು.

"ಹಿಡಿಯಾಕ ಬರ್ತದೋ ಇಲ್ಲೋ ನಿನಗ!" ಎಂದು ಅವಳು ಟಗರು ಹಿಡಿದಿದ್ದ ತನ್ನ ಮೈದುನನಿಗೆ ಕೂಗಿದಳು. "ಬಿಡು, ಆ ಕಡಿ ಸರಿ. ಹೆಂಡ್ತಿ ಕೈ ಹಿಡದಂಗ ಹಿಡೀತಾನ."

ಕೊನೆಯ ಹತ್ತು ಕುರಿಗಳನ್ನು ಅವಳೇ ಹಿಡಿದಳು. ಒಂದೊಂದನ್ನೂ ಎರಡು ಮೊಣಕಾಲುಗಳ ನಡುವೆ ಒತ್ತಿ, ಕೊರಳಿಗೆ ಕೈ ಹಾಕಿ, ಕಿವಿಯಲ್ಲಿ ಏನೋ ಹೇಳುತ್ತ. ಒಂದೂ ಅಲುಗಲಿಲ್ಲ. ಗೆಳೆಯ ಪ್ರತಿಸಲ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೊನೆಯ ಕುರಿಗೆ ಸೂಜಿ ಹಾಕಿ ಅವನು ಸಿರಿಂಜು ಎತ್ತಿದಾಗ ಒಳಗೆ ಒಂದಕ್ಕಾಗುವಷ್ಟು ಇನ್ನೂ ಇತ್ತು. ನಾನು ಬಣ್ಣದ ಕೈಯನ್ನು ಹಾಗೇ ಅಂಗಿಗೆ ಒರೆಸಿಕೊಂಡು ನೆಲದ ಮೇಲೆ ಕುಳಿತೆ.

ಚೆಲ್ಲಿದ್ದು ಎರಡು ಸಲ ಎಂದು ನಾನು ಬರೆದಿದ್ದೇನೆ. ಗೆಳೆಯ ಇವತ್ತಿಗೂ ಒಂದೇ ಸಲ ಎನ್ನುತ್ತಾನೆ. ಒಂದೇ ಸಲವಾಗಿದ್ದರೆ ಎರಡು ಉಳಿಯಬೇಕಿತ್ತು. ಅವನು ಎರಡು ಉಳಿದಿತ್ತು ಎಂದೇ ವಾದಿಸುತ್ತಾನೆ. ಯಾರ ಬಳಿಯೂ ಪುರಾವೆ ಇಲ್ಲ. ನಾನು ಹಿಡಿದ ಹಟ ಬಿಟ್ಟಿಲ್ಲ, ಆದರೆ ಪಂದ್ಯ ಕಟ್ಟುವುದಿಲ್ಲ.

ಆ ಸಂಜೆ ಪ್ರೋಗ್ರಾಮಿನಲ್ಲಿ ಭಾಗಾಕಾರದ ಗೆರೆ ಇರುವ ಪ್ರತಿ ಸಾಲನ್ನೂ ಹುಡುಕಿದೆ. ಒಂದೊಂದಕ್ಕೂ ಒಂದು ಕುರಿ, ತೊಂಬತ್ತೊಂಬತ್ತು ಕುರಿ, ನೂರು ಕುರಿ, ನೂರಾ ಒಂದು ಕುರಿ ಎಂದು ಕೊಟ್ಟು ಬಂದ ಉತ್ತರವನ್ನು ಕಾಗದದ ಮೇಲೆ ಬರೆದುಕೊಂಡೆ. ಊರಿನ ಹಿಂಡುಗಳನ್ನೆಲ್ಲ ಮೊದಲು ಕೂಡಿಸುವಂತೆ ಮಾಡಿದೆ. ಸರಿಯಾಗಿದೆ ಎಂದು ನೆನಪಿಟ್ಟುಕೊಳ್ಳುವ ಕೆಲಸವನ್ನು ನನಗೆ ನಾನು ಕೊಟ್ಟುಕೊಳ್ಳಲಿಲ್ಲ. ಕಾಗದವನ್ನೇ ಗೆಳೆಯನ ದಾಖಲೆ ಪುಸ್ತಕಕ್ಕೆ ಅಂಟಿಸಿದೆ.

ಮರುದಿನ ಮುಂಜಾನೆ ಅವರು ಹೊರಟರು. ಕುದುರೆಯ ಮೇಲೆ ಪಾತ್ರೆ, ಕಂಬಳಿ, ಎಳೆಯ ಮರಿಗಳು. ಹಿಂಡಿನ ಮುಂದೆ ನಡೆಯುತ್ತಿದ್ದ ಅವಳು ಫೋನಿನಲ್ಲಿ ಮಾನ್ವಿಯ ಗೌಡರಿಗೆ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ಹ್ಞೂಂರಿ, ಎಲ್ಲಾಕೂ ಹಾಕ್ಸೀವಿ. ಎಲ್ಲಾಕೂ! ಡಾಕ್ಟ್ರು ಇಲ್ಲೇ ಅದಾರ, ಕೇಳ್ರಿ ಬೇಕಾದ್ರ." ಡಾಂಬರು ರಸ್ತೆಯ ಹತ್ತಿರ ಹಿಂಡು ತಡೆಯಿತು. ಎರಡೂ ಕಡೆಯಿಂದ ಲಾರಿಗಳು ಬರುತ್ತಿದ್ದವು. ನಾನು ರಸ್ತೆಯ ನಡುವೆ ಹೋಗಿ ಎರಡು ಕೈಗಳನ್ನೂ ಚಾಚಿ ನಿಂತೆ. ಒಬ್ಬ ಡ್ರೈವರು ಹಾರ್ನ್ ಹೊಡೆದು ಬೈದ. ನೀಲಿ ಬಣ್ಣದ ಬೆನ್ನುಗಳು ಒಂದರ ಹಿಂದೆ ಒಂದು ದಾಟಿ, ಆಚೆಯ ಇಳಿಜಾರಿನಲ್ಲಿ ಕೊನೆಯದು ಇಳಿಯುವವರೆಗೆ ನಾನು ಕೈ ಇಳಿಸಲಿಲ್ಲ.